ಮೆಸ್ಸಿಗೆ ರಜೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಹನ್ನೊಂದು ವರ್ಷದಿಂದ ನನ್ನದೊಂದು ಮೆಸ್ಸು.
ಹಗಲು ಮುದ್ದೆ, ಬಸ್ಸಾರು. ರಾತ್ರಿ ಅನ್ನ, ತಿಳಿಸಾರು.
ತಿಂಗಳ ಲೆಕ್ಕದವರು ನಲವತ್ತು ಜನ:
ರೀಲಿಂಗ್ ಮಿಷಿನ್ನಿನವರು, ತೂಕದವರು, ಇಬ್ಬರು ಮೇಷ್ಟ್ರು,
ಎಲ್ಲರೂ ಒಲೆ ಹಚ್ಚಲು ಬಾರದ ಗಂಡಸರು.

ಅದಕ್ಕೇ ಇರಬೇಕು, ಚಿಕ್ಕಬಳ್ಳಾಪುರದ ಡಾಕ್ಟರಮ್ಮ
ಇಂಚರಳ ರಕ್ತದ ಚೀಟಿ ಮೇಜಿನ ಮೇಲಿಟ್ಟು
ನನ್ನ ಭಾಷೆಯಲ್ಲೇ ಹೇಳಿದರು:
ಮೈಯ ಕಣಗಳು ಹೆಚ್ಚಿನವು ಮನೆಯಡುಗೆಯವು,
ಆಸ್ಪರಜಿನ್ ಅಂತೊಂದು ಅಮೈನೋ ಆಮ್ಲ,
ಬೇಕಾದಷ್ಟು ತಾವೇ ಬೇಯಿಸಿಕೊಳ್ಳುತ್ತವೆ.
ಈ ಕೆಟ್ಟ ಬಿಳಿಕಣಕ್ಕೆ ಆ ಅಡುಗೆ ಬಾರದು.
ರಕ್ತದಲ್ಲಿ ಹರಿದು ಬಂದದ್ದನ್ನೇ ಉಂಡು ಬೆಳೆಯುತ್ತದೆ.
ಸೂಜಿ ಮದ್ದು ಆ ಮೆಸ್ಸಿನ ಬಾಗಿಲು ಹಾಕುತ್ತದೆ.

ತಲೆಯಾಡಿಸಿದೆ.
ತಿಂಗಳ ಲೆಕ್ಕದವರು.

ಮದ್ದಿಗೆ ತಂಪು ತಪ್ಪಬಾರದು.
ರಾತ್ರಿ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಮಲಗಿದ್ದ ಬುಡ್ಡಿ
ಬೆಳಗ್ಗೆ ಸಾರಿನ ಕ್ಯಾರಿಯರ್ ಸೇರುತ್ತದೆ,
ಕೆಳಗಿನ ಡಬ್ಬಿಗೆ ಐಸು, ಮೇಲಿನದಕ್ಕೆ ಹತ್ತಿ.
ತೊಡೆಯ ಮೇಲಿಟ್ಟುಕೊಂಡು ಕೂತರೆ ಕಂಡಕ್ಟರ್ ಕೇಳುತ್ತಾನೆ,
ಏನಕ್ಕಾ, ಇವತ್ತೇನು ಸ್ಪೆಷಲ್ಲು?
ಏನಿಲ್ಲಪ್ಪ ಅನ್ನುತ್ತೇನೆ.
ಅನ್ನ ಹೊತ್ತೇ ಸವೆದ ಕ್ಯಾರಿಯರ್
ಮೊದಲ ಸಲ ಹಸಿವು ಹೊತ್ತು ಹೊರಟಿದೆ.

ನಮ್ಮತ್ತೆಗೆ ಅರ್ಧ ಅರ್ಥವಾಯಿತು.
ಬೇಳೆ ನಿಲ್ಲಿಸು, ಹಾಲು ನಿಲ್ಲಿಸು, ಆಲೂಗಡ್ಡೆ ಒಳಗೇ ತರಬೇಡ.
ಡಾಕ್ಟರಮ್ಮ ನಕ್ಕರು: ತಟ್ಟೆಯಿಂದ ಕಿತ್ತುಕೊಂಡರೆ
ಸೊರಗುವುದು ಮಗುವೇ. ಮೈ ತಾನೇ ಮಾಡಿ
ರಕ್ತಕ್ಕೆ ಬಡಿಸುತ್ತಲೇ ಇರುತ್ತದೆ,
ಬಡಿಸಿದ್ದನ್ನು ಅಲ್ಲೇ ಒಡೆಯುವುದು ಮದ್ದಿನ ಕೆಲಸ.
ಎಣ್ಣೆ ಮಾತ್ರ ಕಡಿಮೆ ಮಾಡಿ. ಹೊಟ್ಟೆನೋವು ಅಂದರೆ ಓಡಿ ಬನ್ನಿ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಬೇಲಿಯಿಂದ ಅಗೆದು ತಂದರು
ಮಜ್ಜಿಗೆ ಬಣ್ಣದ ಬೇರು, ಗೊಂಚಲು ಗೊಂಚಲು:
ಹಲವು ಮಕ್ಕಳ ತಾಯಿ.
ಈ ಬೇರಿನ ನಂಟ ಗಿಡವೊಂದರ ಮೊಳಕೆಯಲ್ಲೇ
ಮೊದಲು ಸಿಕ್ಕಿತಂತೆ ಆ ಆಸ್ಪರಜಿನ್ ಎಂಬುದು.
ತೊಳೆದು ಗೂಡಿನಲ್ಲಿಟ್ಟೆ, ಕುದಿಸಲಿಲ್ಲ.
ನಾನು ಒಬ್ಬಳೇ ಮಗಳ ತಾಯಿ.

ಇನ್ನೊಂದು ಮಾತ್ರೆ ಇದೆ, ಕೆನ್ನೆ ಊದಿಸುವುದು.
ಅದು ನುಂಗಿದ ರಾತ್ರಿ ಎರಡು ಗಂಟೆಗೆ
ಅಮ್ಮಾ, ಹಿತಕಿದ ಬೇಳೆ ಸಾರು, ಅನ್ನುತ್ತಾಳೆ ಚೈತ್ರದಲ್ಲಿ.
ಅವರೆ ಎಲ್ಲಿಂದ ತರಲಿ? ಅಲಸಂದೆ ನೆನೆಸಿ ಹಿತಕುತ್ತೇನೆ.
ಬಾಗಿಲು ಹಾಕಿದ ಮೆಸ್ಸಿನಲ್ಲಿ ಒಂದೇ ಒಲೆ.
ಒಳಗೆ ಯಾರನ್ನೋ ಉಪವಾಸ ಕೆಡವಲು
ಹೊರಗೆ ಇಷ್ಟು ಉಣಿಸಬೇಕು.

ಹಸಿದವರನ್ನು ಬಾಗಿಲಿಂದ ಕಳಿಸಿದವಳಲ್ಲ ನಾನು.
ಬಾಬಾಜಾನನ ಮೂರು ತಿಂಗಳ ಬಾಕಿ ಕೇಳಲಿಲ್ಲ,
ಹುಚ್ಚ ಬಂದರೂ ಮುದ್ದೆಗೆ ಸಾರು ಬಿಟ್ಟೇ ಕೊಟ್ಟೆ.
ಈಗ ಸೂಜಿ ತೊಡೆಗೆ ಇಳಿಯುವಾಗ
ಅವಳ ಕಣ್ಣು ಮುಚ್ಚಿ ಹಿಡಿದು ಒಳಗೊಳಗೇ ಶಪಿಸುತ್ತೇನೆ:
ಸಾಯಿ. ಒಂದಗುಳೂ ಸಿಗದೆ ಸಾಯಿ.

ಚೀಟಿ ಈಗ ಚೆನ್ನಾಗಿದೆ. ಕಣ ಕಾಣುತ್ತಿಲ್ಲ.
ಆದರೂ ಮದ್ದು ಬಿಡುವ ಹಾಗಿಲ್ಲ, ಎರಡು ವರ್ಷ.
ಎಲ್ಲೋ ಒಂದು ಅವಿತಿದ್ದರೆ? ಅವಿತದ್ದು
ಬೇಯಿಸಿಕೊಳ್ಳಲು ಕಲಿತುಬಿಟ್ಟರೆ?
ಕಲಿಯುವುದುಂಟು, ಅಂದರು ಡಾಕ್ಟರಮ್ಮ, ಪೆನ್ನು ಮುಚ್ಚುತ್ತ.

ಸೋಮವಾರ 'ಮೆಸ್ಸಿಗೆ ರಜೆ' ಬೋರ್ಡು ಒರೆಸಿದೆ.
ಸೀಮೆಸುಣ್ಣ ಪೂರ್ತಿ ಹೋಗಲಿಲ್ಲ.
ಹಳಬರು ಒಬ್ಬೊಬ್ಬರೇ ಬಂದು ಕೂತರು,
ಕೆಲವರು ಇಳಿದಿದ್ದರು, ಬೆಲ್ಟಿಗೆ ಹೊಸ ತೂತು.
ಮುನಿಕೃಷ್ಣ ಮಾತ್ರ ಕೂರಲಿಲ್ಲ.
ಹೊಸಿಲಲ್ಲೇ ನಿಂತು ಡಬ್ಬಿ ಚಾಚಿದ, ನಾಚುತ್ತ:
ನೀವು ಬಾಗಿಲು ಹಾಕಿದ ಮೇಲೆ, ನಂಜಕ್ಕ,
ಫೋನು ನೋಡ್ಕೊಂಡು ನಾನೇ ಕಲಿತೆ. ರುಚಿ ನೋಡಿ.

ನೋಡಿದೆ. ಉಪ್ಪು ಒಂದು ಚಿಟಿಕೆ ಮುಂದು,
ಉಳಿದಂತೆ ನನ್ನದೇ ಸಾರು.
ಚೆನ್ನಾಗಿದೆ ಕಣಪ್ಪ, ಅಂದೆ. ಕೈ ತೊಳೆದೆ.
ನಲವತ್ತರಲ್ಲಿ ಒಬ್ಬ.

ಆ ರಾತ್ರಿ ಇಂಚರ ಏನೂ ಕೇಳದೆ ಮಲಗಿದಳು.
ನಾನು ಅವಳ ಮಣಿಕಟ್ಟು ಕಿವಿಗೊತ್ತಿಕೊಂಡು
ಬೆಳಗಿನ ಮಿಷಿನ್ನು ಶುರುವಾಗುವವರೆಗೆ ಕೂತಿದ್ದೆ,
ಒಳಗೆಲ್ಲಾದರೂ
ಕಡ್ಡಿ ಗೀರುವ ಸದ್ದು ಬಂದೀತೆಂದು.